ಅರಿವೆ ಒಗೆಯುವ ಕಲ್ಲು

ಹುಸೇನಬಿಯ ಹಿತ್ತಲದಲ್ಲಿ ಅರಿವೆ ಒಗೆಯುವ ಕಲ್ಲು.
ನೀಲಗಂಗಾ ಮಂಡಿಯೂರಿ, ಸಾಬೂನಿನ ಪದರ ಕೆರೆದು,
ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ತಟ್ಟಿದಳು,
ತೇಗು ಬರಲೆಂದು ಕೂಸಿನ ಬೆನ್ನು ತಟ್ಟುವ ಹಾಗೆ.
ಆಮೇಲೆ ಮಸಿ.
ಕಪ್ಪಿನೊಳಗಿಂದ ಬೆಳ್ಳಗೆ ಎದ್ದವು:
ಬೆಳ್ಗೆಱೆಯ ಮಹಾಜನಂಗಳ್
ಮುಂದಿನದನ್ನು ಮೂರು ತಲೆಮಾರಿನ ಒಗೆತ ತಿಂದಿತ್ತು.

"ಎಲ್ಲೈತಿ ಮಾಮಾ ಈ ಊರು?"
ನಾನು ತಲಾಠಿ. ಅಕ್ಕಲಕೋಟೆ ತಾಲೂಕಿನ ಈ ಮೂಲೆ,
ಬೋರಿ ಹೊಳೆಯ ಈ ದಂಡೆಯ ಬಾಂದುಕಲ್ಲೆಲ್ಲ ಬಾಯಿಪಾಠ.
ಇಲ್ಲವ್ವಾ, ಅಂದೆ. ಆ ಹೆಸರಿನದು ಇಲ್ಲ.

ಗ್ರೀಕರ ನಾಡಿನಲ್ಲಿ ಎರಡು ವರ್ಷ ಕಲ್ಲು ಓದಿ ಬಂದವಳು.
ಬಾವಿಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತ ಹೇಳಿದಳು:
"ಅಲ್ಲೂ ಹಿಂಗ. ಒಂದು ಕಲ್ಲು ಕುರಿದೊಡ್ಡಿ ಗ್ವಾಡ್ಯಾಗ,
ಒಂದು ದ್ರಾಕ್ಷಿ ಗಾಣಕ್ಕ ಭಾರ, ಒಂದು ಮಸೂತಿ ಮೆಟ್ಟಲ.
ಮೂರರಾಗೂ ಅದ ಊರಿನ ಸಭಾ, ಅದ ಊರಿನ ಮಂದಿ.
ಊರು ಮಾತ್ರ ನಕಾಶದಾಗ ಇಲ್ಲ.
ಕಲ್ಲೂ ತಿರುಗಾಡ್ತಾವ ಮಾಮಾ. ಆದ್ರ ಭಾರ ಇದ್ದದ್ದು
ದೂರ ಹೋಗೂದಿಲ್ಲ. ಎತ್ತು ಒಂದು ಹೊತ್ತು ಎಳೆಯೂವಷ್ಟ."

ಎರಡನೆಯದು ಹನುಮಪ್ಪನ ಗುಡಿಯ ಹೊಸ್ತಿಲು.
ಮೂರನೆಯದು ಕಾಲುವೆಯ ಮೋರಿಯೊಳಗೆ.
ನಾನು ಜೋತು ಬ್ಯಾಟರಿ ಹಿಡಿದೆ, ಅವಳು ಓದಿದಳು:
ಮೂಡಲ್ ಪುಣಿಸೆ, ತೆಂಕಲ್ ಕರಿಯ ಗುಂಡು,
ಪಡುವಲ್ ಕೆಱೆಯ ಕೋಡಿ.
ಹುಣಸೆ ಹೋಗಿ ಎಷ್ಟು ಕಾಲವಾಯಿತೊ. ಗುಂಡು ಇದೆ,
ಅದರ ಪಕ್ಕ ಮೊಬೈಲ್ ಟವರಿನ ಒಂದು ಕಾಲು.

ಗಟ್ ನಂಬರ್ ನೂರಾ ಹದಿನೇಳು.
ಸಾತಬಾರಾ ಉತಾರದಲ್ಲಿ ಮರಾಠಿ ಹೆಸರು: ಪಾಂಢರತಳೆ.
ಪಾಂಢರ ಅಂದರೆ ಬಿಳಿ. ತಳೆ ಅಂದರೆ ಕೆರೆ.
ನಾಲಿಗೆ ಒಣಗಿತು.

ತೊಂಬತ್ನಾಲ್ಕರಲ್ಲಿ, ನೌಕರಿ ಹೊಸತು,
ಗೆದ್ದಲು ಹಿಡಿದ ದಪ್ತರ ನಕಲು ಮಾಡುವಾಗ
ಬಿಳಗೆರಿ ಎಂದಿತ್ತು.
"ಅರ್ಥ ಆಗೋ ಹಾಗೆ ಬರಿ" ಅಂದರು ರಾವಸಾಹೇಬರು.
ಬರೆದೆ. ದುಂಡಗೆ. ಕೆಳಗೆ ಸಹಿ.
ಸಾವಿರ ವರ್ಷ ಉಳಿದ ಹೆಸರು
ಆ ಮಧ್ಯಾಹ್ನ, ಚಹಾ ಬರುವ ಮೊದಲು, ಮುಗಿಯಿತು.

ನೀಲಗಂಗಾಗೆ ಇನ್ನೂ ಹೇಳಿಲ್ಲ.
ಬೂದಿಯಂಥ ಬಿಳಿ ಮಣ್ಣಲ್ಲಿ ಬಳೆಚೂರು ಆರಿಸುತ್ತಿದ್ದಾಳೆ.

ಸಂಜೆ ಹಿತ್ತಲದಲ್ಲಿ ಹುಸೇನಬಿ ಕೇಳಿದಳು, ಯಾವ ಊರಂತ?
ಬೆಳ್ಗೆರೆ, ಅಂದೆ.
"ಬಿಳಗೆರಿ ಹೊಲಾನಾ? ನಮ್ಮತ್ತಿ ಹಂಗ ಅಂತಿದ್ಲು.
ನನ್ನ ಕೇಳಬೇಕಿಲ್ಲೋ.
ಈಗ ಕಲ್ಲು ಬಿಡ್ರಿ, ಅರಿವಿ ನೆನಸೀನಿ."