ಕರಣೆ

ಶಿರಿಯದ ಅಳಿವೆಯ ಹತ್ತಿರ, ಮರಳಿನ ಮೇಲೆ
ನೂರಿಪ್ಪತ್ತು ಮನೆ ಕಟ್ಟಿದೆವು.
ಬಾಗಿಲಿಲ್ಲ, ಮಾಡಿಲ್ಲ,
ಮೂರು ಮೂಲೆ, ಮೈತುಂಬ ತೂತು.

ಇಂಜಿನಿಯರ್ ಸಫೀರಾ ನಕ್ಷೆ ಬಿಡಿಸಿಟ್ಟು ಹೇಳಿದಳು:
ಇಷ್ಟಗಲದ್ದು ಮುರುವಿಗೆ,
ಮುಷ್ಟಿಯಷ್ಟು ಮರಿಗಳಿಗೆ.
ಮತ್ತೆ, ಮೇಸ್ತ್ರಿ, ನುಣುಪು ಮಾಡಬೇಡಿ.
ಒರಟಿದ್ದರೇ ಹಿಡಿತ.

ಮೂವತ್ತೊಂದು ವರ್ಷ ಹೊಳಪು ಕೊಟ್ಟ ಕೈ ಇದು.
ಉಪ್ಪಳದಲ್ಲಿ ನಾನು ತಿಕ್ಕಿದ ಕೆಂಪು ಗಾರೆಯಲ್ಲಿ
ಮುಖ ನೋಡಿ ಬೈತಲೆ ತೆಗೆಯಬಹುದಿತ್ತು.

ಒರಟಾಗಿಯೇ ಬಿಟ್ಟೆ.
ಒಂದರ ಒಂದು ಮುಖ ಬಿಟ್ಟು.
ಸಂಜೆ ಹೊತ್ತು, ಯಾರೂ ಇರಲಿಲ್ಲ,
ಸಿಮೆಂಟು ಇನ್ನೂ ಹಸಿ,
ಕರಣೆ ತಾನಾಗಿ ಹೋಯಿತು.

ಬಾರ್ಜಿನಲ್ಲಿ ಅವಳ ಕೈಯಲ್ಲಿ ಜಿಪಿಎಸ್.
ದೂಮಣ್ಣ ತಂಡೇಲ ಅದನ್ನು ನೋಡಲೇ ಇಲ್ಲ;
ಮಸೀದಿಯ ಮಿನಾರು ಗುಡ್ಡದ ಮೊಬೈಲ್ ಟವರಿಗೆ
ತಾಗುವ ತನಕ ಕಾದು, "ಇಲ್ಲಿ" ಅಂದ.
ಹನ್ನೆರಡು ಮಾರು ವ್ಯತ್ಯಾಸ.
ಅವನ ಲೆಕ್ಕಕ್ಕೇ ಇಳಿಸಿದೆವು.

ಗುಳುಂ. ಸದ್ದು ಕೂಡ ದೊಡ್ಡದಲ್ಲ.
ಇಷ್ಟು ಮನೆ ಕಟ್ಟಿ
ಒಂದು ಒಕ್ಕಲಿನ ಊಟವಿಲ್ಲ.

ಎರಡು ಮಳೆಗಾಲ ಕಳೆದು ಈಗ
ಭಾನುವಾರ, ಬಾಡಿಗೆ ದೋಣಿಯಲ್ಲಿ
ಟೊಪ್ಪಿಯವರು ಉದ್ದ ಗಾಳ ಹಿಡಿದು ಬರುತ್ತಾರೆ.
ಮುರು ಎಳೆದು, ಫೋಟೋ ತೆಗೆದು,
ತಿರುಗಿ ನೀರಿಗೇ ಬಿಡುತ್ತಾರೆ.
ದೂಮಣ್ಣನಿಗೆ ಇದೊಂದು ಅರ್ಥವಾಗುವುದಿಲ್ಲ.

ಮೊನ್ನೆ ಮುಳುಗಿ ನೋಡಿ ಬಂದ ಹುಡುಗ ಅಜ್ಮಲ್
ಮೂಗು ಒರೆಸುತ್ತ ಹೇಳಿದ:
ಎಲ್ಲ ಕಡೆ ಪಚ್ಚಿಲೆ, ಪಾಚಿ,
ತೂತು ತೂತಿನಲ್ಲೂ ಕಣ್ಣು.
ಒಂದು ಗೋಡೆ ಮಾತ್ರ, ಮೇಸ್ತ್ರಿಗಳೇ, ಬೋಳು.
ಯಾಕೋ ಏನೋ.

ಯಾಕೆಂದು ನಾನು ಹೇಳಲಿಲ್ಲ.
ಟಾರ್ಚು ಬಿಟ್ಟಾಗ
ಹೊಳೆಯುತ್ತದೋ, ಎಂದಷ್ಟೇ ಕೇಳಿದೆ.