ಉಸಿರೆತ್ತದವನು

ಈ ತಿಂಗಳಲ್ಲಿ ಆರನೆಯ ಸಲ
ಮುರ್ತಾಜನನ್ನು ತಂದು ಮಲಗಿಸಿದ್ದಾರೆ.
ಹೊತ್ತು ಅದೇ, ಬೆಳಗಿನ ಜಾವ ನಾಲ್ಕು ದಾಟಿ ಹತ್ತು ನಿಮಿಷ.
ಬೆರಳಿಗೆ ಕಚ್ಚಿಸಿದ ಕ್ಲಿಪ್ಪು ತೊಂಬತ್ತೆರಡು ಅನ್ನುತ್ತದೆ,
ಅವನ ಕಣ್ಣು ಸೊನ್ನೆ ಅನ್ನುತ್ತದೆ.

ಮೂವತ್ತೊಂದು ವರ್ಷ ಚಿಯಾತುರಾದ ಗಣಿಯಲ್ಲಿ
ಮ್ಯಾಂಗನೀಸು ಅಗೆದವನು. ಎಕ್ಸ್-ರೇ ಬೆಳಕಿಗೆ ಹಿಡಿದರೆ
ಎದೆಯ ತುಂಬ ಮೆಕ್ಕೆಜೋಳದ ನುಚ್ಚು ಚೆಲ್ಲಿದ ಹಾಗೆ.
ನಾನು ಎದೆಯ ಡಾಕ್ಟರು.
ನುಚ್ಚು ಎಣಿಸಬಲ್ಲೆ, ಸ್ಟಿರಾಯ್ಡ್ ಏರಿಸಬಲ್ಲೆ.
ಏರಿಸಿದೆ.
ಮುಖ ಊದಿತು. ಉಸಿರು ಅಲ್ಲೇ ನಿಂತಿತು.

ಮಾಕ್ವಾಲಾ ಹೊಸಬಳು, ಮನಃಶಾಸ್ತ್ರದವಳು.
ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ಅವಳಿಗೊಂದು ಮೇಜು,
ನಾವೇ ಕೊಟ್ಟದ್ದು, ನಗುತ್ತ.
ಕುರ್ಚಿ ಎಳೆದುಕೊಂಡು ಅವನ ಮಗ್ಗುಲಿಗೆ ಕೂತಳು,
ನನ್ನ ಚಹಾ ಆರುವಷ್ಟು ಹೊತ್ತು.
ಆಮೇಲೆ ಕೇಳಿದಳು:
"ಉಸಿರು ಕಟ್ಟುವ ಗಳಿಗೆ ಮೊದಲು ಏನು ಕೇಳಿಸುತ್ತದೆ?"

ಕೇಳಿಸುವುದೇ! ಶ್ವಾಸಕೋಶಕ್ಕೆ ಕಿವಿಯೇ?
ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿಕೊಂಡೆ.

"ತಂತಿ," ಅಂದ. "ಲಿಫ್ಟಿನ ತಂತಿ.
ಮೇಲಿನ ಮನೆಗೆ ಬಂದ ಬೇಕರಿ ಹುಡುಗಿ
ದಿನಾ ನಾಲ್ಕಕ್ಕೆ ಇಳಿಯುತ್ತಾಳೆ."

ನಮ್ಮದು ಊರೇ ತಂತಿಗೆ ಜೋತುಬಿದ್ದದ್ದು.
ಕಣಿವೆಯ ಈ ಅಂಚಿಂದ ಆ ಅಂಚಿಗೆ ತುಕ್ಕಿನ ತಗಡುಪೆಟ್ಟಿಗೆಗಳು
ಪಾಳಿಯವರನ್ನು ತೂಗಿಕೊಂಡು ಒಯ್ಯುತ್ತಿದ್ದವು.
ಒಂದು ಜನವರಿ, ನಾಲ್ಕು ಹತ್ತಕ್ಕೆ,
ನಡುಗಾಳಿಯಲ್ಲಿ ಒಂದು ನಿಂತುಬಿಟ್ಟಿತು.
ಒಳಗೆ ಅವನು, ಜೌರಿ.
ಜೌರಿ ಎದೆ ಹಿಡಿದುಕೊಂಡದ್ದು ಅಲ್ಲೇ.
ತಂತಿ ಮತ್ತೆ ಕಿರುಗುಟ್ಟಿ ಎಳೆಯುವ ಹೊತ್ತಿಗೆ
ಉಸಿರಾಡುತ್ತಿದ್ದವನು ಒಬ್ಬನೇ.

ಇಪ್ಪತ್ತಮೂರು ವರ್ಷ ಆ ವಿಷಯಕ್ಕೆ
ಉಸಿರೆತ್ತಿರಲಿಲ್ಲ. ಹೆಂಡತಿಯ ಹತ್ತಿರವೂ.
ಜೌರಿಯ ತಾಯಿಗೆ ಮಾತ್ರ, "ನೋವೇ ಆಗಲಿಲ್ಲ ಅವನಿಗೆ"
ಅಂದಿದ್ದನಂತೆ.

ಮಾಕ್ವಾಲಾ ಕಲಿಸಿದ್ದು ದೊಡ್ಡದೇನಲ್ಲ.
ತುಟಿ ಸಣ್ಣದು ಮಾಡಿ, ಬಿಸಿ ಸೂಪು ಆರಿಸುವ ಹಾಗೆ,
ಎಳೆದುಕೊಳ್ಳುವ ಮೊದಲು ಬಿಡುವುದು.
ಲಿಫ್ಟಿನಲ್ಲಿ ಜೊತೆಗೆ ಏರುವುದು, ಇಳಿಯುವುದು, ಮತ್ತೆ ಏರುವುದು.
ಅವನು ಬೈದ ದಿನ
ಸುಮ್ಮನೆ ಮೆಟ್ಟಿಲ ಮೇಲೆ ಕೂತಿರುವುದು.

ಚಳಿ ಕಳೆದ ಮೇಲೆ ಮತ್ತೆ ಎಕ್ಸ್-ರೇ ತೆಗೆದೆ.
ನುಚ್ಚು ಇದ್ದಲ್ಲೇ ಇದೆ, ಒಂದು ಕಾಳೂ ಕಡಿಮೆಯಾಗಿಲ್ಲ.
ಸ್ಟಿರಾಯ್ಡ್ ಅರ್ಧಕ್ಕೆ ಇಳಿಸಿದ್ದೇನೆ.
ಮಾರ್ಚಿನಲ್ಲಿ ಒಮ್ಮೆ ಬಂದ. ಏಪ್ರಿಲಿನಲ್ಲಿ ಇಲ್ಲ.
ಮೇ ತಿಂಗಳಲ್ಲಿ ಬಂದದ್ದು ನಿಜವಾದ ನ್ಯುಮೋನಿಯಾ,
ಅದಕ್ಕೆ ಮಾಡಬೇಕಾದ್ದು ಮಾಡಿದೆ.

ಮನೆಗೆ ಕಳಿಸುವ ದಿನ ಚೀಟಿ ಬರೆಯುತ್ತ ನೋಡಿದೆ,
ಮಾಕ್ವಾಲಾಳ ಕುರ್ಚಿ ಖಾಲಿಯಿತ್ತು. ಕೂತೆ.
"ಹೇಗಿದ್ದ, ನಿನ್ನ ಜೌರಿ?"
"ಕುಳ್ಳ," ಅಂದ. "ಮೈಯೆಲ್ಲ ಬೆಳ್ಳುಳ್ಳಿ ವಾಸನೆ.
ನನ್ನ ಚಾಕು ಅವನ ಜೇಬಿನಲ್ಲೇ ಉಳಿಯಿತು."
ತುಟಿ ಸಣ್ಣದು ಮಾಡಿ ಉದ್ದಕ್ಕೆ ಬಿಟ್ಟ.

ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ಇನ್ನೂ ಸ್ವಲ್ಪ ಹೊತ್ತು ಕೂತಿದ್ದು
ಆಮೇಲೆ ಅವರನ್ನು ಕರೆದೆ.