ಇಷ್ಟು ದೊಡ್ಡದು

"ಇಷ್ಟು ದೊಡ್ಡದು" ಅನ್ನುತ್ತಾರೆ ಅಪೊಲಿನ್ ಬಾಯಿ
ಹದಿನಾಲ್ಕನೇ ನಿಮಿಷದಲ್ಲಿ.
ಎಷ್ಟು? ಇಯರ್‌ಫೋನು ಕಿವಿಗೆ ಒತ್ತಿಕೊಂಡು
ಹಿಂದಕ್ಕೆಳೆದು ಮತ್ತೆ ಕೇಳುತ್ತೇನೆ.
ಇಷ್ಟು ದೊಡ್ಡದು.
ಫ್ಯಾನಿನ ಕಿರುಗುಟ್ಟು, ಬೀದಿಯಲ್ಲಿ ಮೀನಿನವನ ಹಾರ್ನು,
ನಡುನಡುವೆ ನನ್ನದೇ ದನಿ, "ಹೌದಾ, ಹೌದಾ",
ಏನೂ ಗೊತ್ತಾಗದವಳ ಹೌದಾ.

ಅಂದು ಎದುರಿಗೇ ಕೂತಿದ್ದೆ.
ಎರಡು ಕೈ ಅಗಲಿಸಿ ಗಾಳಿಯಲ್ಲಿ ಹಿಡಿದ ಅಳತೆಯನ್ನು
ಕಣ್ಣಾರೆ ಕಂಡಿದ್ದೆ.
ಫೋನು ಮೇಜಿನ ಮೇಲೆ ಅಂಗಾತ ಮಲಗಿತ್ತು.
ನಾನು ಫೋನನ್ನು ನಂಬಿದೆ.

ಬೋಳಾರದ ಹಂಚಿನ ಕಾರ್ಖಾನೆಯ ನೆನಪು,
ಲೈಬ್ರರಿಗೆಂದು ಇಪ್ಪತ್ತು ಹಿರಿಯರ ಧ್ವನಿ.
ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಡ್ಜರು ತಿದ್ದಿದವಳು ನಾನು,
ಅಂಕಿ ಬೇಕು ನನಗೆ. ಇಸವಿ?
"ಇಸವಿ ಎಂತದು ಮಾರಾಯ್ತಿ,
ನನ್ನ ಲೂಸಿ ಹೊಟ್ಟೆಯಲ್ಲಿದ್ದಳು. ನೆರೆಗೆ ಮಣ್ಣಿನ ದೋಣಿ
ಗೇಟಿನವರೆಗೆ ಬಂದಿತ್ತು."
ಕೂಲಿ?
"ಇಲ್ಲಿಂದ ಅಲ್ಲಿಗೆ ಹೊತ್ತರೆ ನೂರಕ್ಕೆ ಎರಡಾಣೆ."
ಎಲ್ಲಿಂದ ಎಲ್ಲಿಗೆ?
ಅವರ ಬೆರಳು ಹೋದ ಕಡೆ ಈಗ
ಕಾರು ತೊಳೆಯುವ ಶೆಡ್ಡು.

ಬರೆದಿಟ್ಟ ಪುಟದ ತುಂಬ ತೂತು.
"ಮಣ್ಣು ಹೀಗೆ ಬರ್ತಿತ್ತು, ನಾವು ಹೀಗೆ ಹಿಡೀಬೇಕು,
ಹೀಗೆ ಹಿಡಿದರೆ ಬೆರಳು ಹೋಯ್ತು.
ಅಕ್ಕುವಿನದ್ದು ಹಾಗೇ ಹೋದದ್ದು. ಇದು. ಇಲ್ಲಿಯವರೆಗೆ."
ಯಾವುದು? ಎಲ್ಲಿಯವರೆಗೆ?
(ಕೈ ತೋರಿಸುತ್ತಾರೆ) ಎಂದು ಬರೆದೆ.
ಹನ್ನೆರಡನೇ ಸಲ ಬರೆಯುವಾಗ ನಾಚಿಕೆಯಾಯಿತು.

ಭಾನುವಾರ ಮತ್ತೆ ಹೋದೆ.
ಇಗರ್ಜಿಯ ಸೀರೆ ಬದಲಿಸದೆ ಸಾನ್ನಾದ ಹಬೆ ನೋಡುತ್ತಿದ್ದರು.
"ಎಂತದು ಅಷ್ಟು ದೊಡ್ಡದು? ಮೀನಾ, ಗಾಯವಾ?
ನಾನು ಹೇಳಿದ್ದಾ ಹಾಗೆ?"
ಕೇಳಿಸಿದೆ. ತಮ್ಮದೇ ದನಿಗೆ ಮುಖ ಸಿಂಡರಿಸಿದರು:
"ಇವಳ್ಯಾರು ಕೊರಕೊರ ಅಂತ, ನನ್ನ ಅತ್ತೆಯ ಹಾಗೆ."
ಆಮೇಲೆ ಕೈ ಅಗಲಿಸಿದರು.
ಅವತ್ತಿಗಿಂತ ಕಡಿಮೆ. ಭುಜ ನೋವಂತೆ.
"ಮಣ್ಣಿನ ಗಟ್ಟಿ ಇರಬೇಕು. ಇಲ್ಲಾ ಮೇಸ್ತ್ರಿಯ ಹೊಟ್ಟೆ."

ಹಿತ್ತಲಿಗೆ ಕರೆದರು.
ಟೆರೇಸು ಹಾಕಿಸುವಾಗ ಇಳಿಸಿದ ಹಂಚು
ಬಚ್ಚಲ ಗೋಡೆಗೆ ಒರಗಿ ಪಾಚಿಗಟ್ಟಿತ್ತು.
"ಮಗುಚು." ಮಗುಚಿದೆ.
ಕಂಪೆನಿಯ ಹೆಸರು ಇಂಗ್ಲಿಷಿನಲ್ಲಿ, ದಪ್ಪಕ್ಷರ.
"ಅದು ಅಲ್ಲ. ಅಂಚಿನಲ್ಲಿ ನೋಡು.
ಹಸಿ ಇರುವಾಗ ಒತ್ತುವುದು, ಎಣಿಕೆಗೆ.
ನನ್ನದು ಉಗುರಿನ ಅರ್ಧಚಂದ್ರ,
ಅಕ್ಕುವಿನದ್ದು ಮೂರು ಬೆರಳ ಮೂರು ಚುಕ್ಕಿ.
ಮೇಸ್ತ್ರಿ ಲೆಕ್ಕ ತಪ್ಪಿಸಿದರೆ ಭಟ್ಟಿಯಿಂದ ಬಂದದ್ದನ್ನು
ಅವನ ಮೂಗಿಗೆ ಹಿಡಿಯುವುದು."

ನಲವತ್ತು ಹಂಚು ಮಗುಚಿದೆ.
ಒಂದು ಚೇಳು, ಬಸವನಹುಳ, ಒಂದರ ಮೇಲೆ
ಯಾವತ್ತೋ ಅಡ್ಡ ಹಾದ ನಾಯಿಯ ಹೆಜ್ಜೆ.
ಅರ್ಧಚಂದ್ರ ಒಂದೂ ಸಿಗಲಿಲ್ಲ.
ಚುಕ್ಕಿಯವು ಸಿಕ್ಕವು, ಏಳು.
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು:
"ಐವತ್ತು ವರ್ಷ ನನ್ನ ಮಾಡಿನ ಮೇಲೆ ಅಕ್ಕು ಇದ್ದಳಾ,
ಒಂದು ಮಾತು ಹೇಳದೆ!"

ಏಳರಲ್ಲಿ ಎರಡಕ್ಕೆ ಚುಕ್ಕಿ ಎರಡೇ.
ಆಚೆಗೊಂದು, ಈಚೆಗೊಂದು,
ನಡುವೆ ನುಣ್ಣನೆ ಮಣ್ಣು.
"ಇದು ಆಮೇಲಿನದ್ದು" ಅಂದರು.
ಯಾವ ಬೆರಳು ಎಂದು ನಾನು ಕೇಳಲಿಲ್ಲ.
ಅವರು ಆ ನುಣ್ಣನೆಯ ಜಾಗವನ್ನು
ಸೆರಗಿನಿಂದ ಒಮ್ಮೆ ಒರೆಸಿ, ಮತ್ತೊಮ್ಮೆ ಒರೆಸಿ,
ಒಳಗೆ ಸಾನ್ನಾ ಬೆಂದಿತೋ ಎಂದು ಕೂಗಿ ಕೇಳಿದರು.

ಲೈಬ್ರರಿಗೆ ಒಂದು ಹಂಚು ಕೊಡಿ ಅಂದೆ.
"ಒಂದು ಯಾಕೆ? ಇದು ತಗೋ, ಅದೂ ತಗೋ."
ಹಳೆ ಪೇಪರಿನಲ್ಲಿ ಸುತ್ತಿ, ಸಿಟಿ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದೆ.
ರಾತ್ರಿ ಕುಡ್ವರು ಫೋನು ಮಾಡಿದರು:
ಧ್ವನಿ ಆದರೆ ಪೆನ್‌ಡ್ರೈವು ಸಾಕು, ಇದಕ್ಕೆ ಕಪಾಟು ಬೇಕಲ್ಲ,
ಎಷ್ಟು ದೊಡ್ಡದು ಹಂಚು?

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ
ಎರಡೂ ಕೈ ಅಗಲಿಸಿದೆ.
"ಇಷ್ಟು" ಅಂದೆ.